‘ರಿಂಗ್ ಹೋಗಿದೆ’ ಅಂದ ಕೂಡಲೇ ಎಂಜಿನ್ ಬಿಚ್ಚಿಸಬೇಡಿ

ಹಳೆಯ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ನಾನು 38,000 ರೂಪಾಯಿ ಕೊಟ್ಟು ಕಲಿತದ್ದು ನಿಮಗೆ ಸುಮ್ನೆ ಸಿಗಲಿ. ರಿಂಗ್ ಅಂದರೆ ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನಿನ ಸುತ್ತ ಇರುವ ಬಳೆ. ಗಾಳಿ ಕೆಳಕ್ಕೆ ಸೋರದಂತೆ ತಡೆಯುವುದು ಅದೇ.

ನನ್ನದು 2007ರ ಸಣ್ಣ ಪೆಟ್ರೋಲ್ ಕಾರು. ಮೂರು ಸಿಲಿಂಡರ್. ಓಡಿರುವುದು 1,60,000 ಕಿಲೋಮೀಟರ್ ಚಿಲ್ಲರೆ. ನಾನು ಎರಡನೇ ಓನರ್. ಮೊದಲಿನವರು ಒಂದಷ್ಟು ವರ್ಷ ಗ್ಯಾಸ್ ಕಿಟ್ ಹಾಕಿಸಿ ಓಡಿಸಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಹೋದ ವರ್ಷ ಸುಬ್ರಹ್ಮಣ್ಯಕ್ಕೆ ಹೋಗಿ ಹಾಸನಕ್ಕೆ ವಾಪಸ್ ಬರುವಾಗ ತೊಂದರೆ ಶುರುವಾಯಿತು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಕಾರಿಗೆ ಉಸಿರೇ ಇಲ್ಲ. ಎರಡನೇ ಗೇರಿನಲ್ಲೂ ತೆವಳುತ್ತಿತ್ತು. ಹಿಂದೆ ಲಾರಿಗಳ ಸಾಲು, ಪಕ್ಕದಲ್ಲಿ ಮನೆಯವರ ಮೌನ. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ನೋಡಿದೆ, ಐಡಲಿಂಗ್‌ನಲ್ಲಿ ಸ್ಟೇರಿಂಗ್ ಗಡಗಡ ನಡುಗುತ್ತಿದೆ. ಸ್ವಲ್ಪ ರೇಸ್ ಕೊಟ್ಟರೆ ನಡುಕ ಕಡಿಮೆ.

ಮಾರನೇ ದಿನ ಗ್ಯಾರೇಜಿಗೆ ಒಯ್ದೆ. ಹೆಸರು ಬೇಡ. ಪ್ಲಗ್ ಹೊಸದು ಹಾಕಿದರು, ಬದಲಾಗಲಿಲ್ಲ. ಕಂಪ್ರೆಷನ್ ನೋಡೋಣ ಸಾರ್ ಅಂದರು, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆಯುವುದು. ರಾತ್ರಿಯೆಲ್ಲ ನಿಂತು ತಣ್ಣಗಾಗಿದ್ದ ಎಂಜಿನ್. ಒಂದು ಪ್ಲಗ್ ಬಿಚ್ಚಿ ಗೇಜ್ ಸಿಕ್ಕಿಸಿದರು, ಸೆಲ್ಫ್ ಹೊಡೆದರು. ಆ ಪ್ಲಗ್ ಹಾಕಿ ಮುಂದಿನದು ಬಿಚ್ಚಿದರು. ಆಕ್ಸಿಲರೇಟರ್ ಮೇಲೆ ಯಾರ ಕಾಲೂ ಇರಲಿಲ್ಲ. ಬ್ಯಾಟರಿ ಬೇರೆ ನರಳುತ್ತಿತ್ತು. ಬಂದ ಲೆಕ್ಕ 105, 100, 60 ಪಿಎಸ್‌ಐ. (ಪೊಲೀಸರಲ್ಲ, ಒತ್ತಡದ ಅಳತೆ.)

‘ಎಂಜಿನ್ ಬೋರ್‌ಗೆ ಬಂದಿದೆ ಸಾರ್. ಮೂರರಲ್ಲೂ ರಿಂಗ್ ಹೋಗಿದೆ. ಇಷ್ಟು ಓಡಿದ ಗಾಡಿ ಅಲ್ವಾ?’

ಅಲ್ವಾ ಅಂದದ್ದಕ್ಕೆ ನಾನೂ ಹೌದು ಅಂದೆ. ತಪ್ಪು ಅಲ್ಲೇ ಆಯಿತು. ನನ್ನ ಕಾರು ನೀಲಿ ಹೊಗೆ ಬಿಡುತ್ತಿರಲಿಲ್ಲ. ಎರಡು ಸರ್ವಿಸ್ ನಡುವೆ ಆಯಿಲ್ ಟಾಪ್ ಅಪ್ ಮಾಡಿದ ನೆನಪೂ ಇಲ್ಲ. ಮೂರರಲ್ಲೂ ರಿಂಗ್ ಅಷ್ಟು ಸವೆದಿದ್ದರೆ ಎಂಜಿನ್ ಆಯಿಲ್ ಕುಡಿಯಬೇಕಿತ್ತು. ಅದು ನನಗೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಹನ್ನೆರಡು ದಿನದ ನಂತರ ಕಾರು ಬಂತು. ಹೊಸ ರಿಂಗ್, ಬೇರಿಂಗ್, ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ 38,000. ಬಿಲ್ಲಿನಲ್ಲಿ ಬರೆದದ್ದು ‘ಎಂಜಿನ್ ಕೆಲಸ’ ಅಂತ ಒಂದೇ ಸಾಲು. ನಡುಕ ಮಾತ್ರ ಹಾಗೇ ಇತ್ತು. ಕೇಳಿದರೆ, ‘ಒಂದು ಸಾವಿರ ಕಿಲೋಮೀಟರ್ ಓಡಲಿ ಸಾರ್, ರಿಂಗ್ ಕೂರಬೇಕು’ ಅಂದರು. ನಂಬಿದೆ. ಏಳುನೂರು ಕಿಲೋಮೀಟರ್ ನಡುಗುತ್ತಲೇ ಓಡಿಸಿದೆ. ರಿಂಗ್ ಕೂರಲು ಸಮಯ ಬೇಕು ಅನ್ನುವುದು ಸುಳ್ಳಲ್ಲ. ಆದರೆ ಒಂದೇ ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ಸಿಂಗ್ ಹೊಡೆಯುವುದಕ್ಕೆ ಅದು ಕಾರಣ ಆಗುವುದಿಲ್ಲ.

ಕೊನೆಗೆ ಸ್ನೇಹಿತನೊಬ್ಬ ಊರ ಹೊರಗಿನ ಒಬ್ಬ ವಯಸ್ಸಾದ ಮೇಸ್ತ್ರಿ ಹತ್ತಿರ ಕರೆದುಕೊಂಡು ಹೋದ. ಅವರು ಬಾನೆಟ್ ಎತ್ತಲೇ ಇಲ್ಲ. ಎಂಜಿನ್ ಚಾಲೂ ಇಟ್ಟು, ಸೈಲೆನ್ಸರ್ ಬಾಯಿಗೆ ಒಂದು ತುಂಡು ಪೇಪರ್ ಹಿಡಿದರು. ಸರಿ ಇರುವ ಗಾಡಿಯಲ್ಲಿ ಪೇಪರ್ ಹೊರಕ್ಕೇ ತಳ್ಳಿಸಿಕೊಳ್ಳುತ್ತದೆ. ನನ್ನದರಲ್ಲಿ ಆಗಾಗ ಪಟ್ ಅಂತ ಒಳಕ್ಕೆ ಅಂಟಿಕೊಳ್ಳುತ್ತಿತ್ತು. ‘ಉಸಿರು ಒಳಗೆ ಎಳ್ಕೊಳ್ತಿದೆ ನೋಡಿ ಸ್ವಾಮಿ’ ಅಂದರು.

ಆಮೇಲೆ ಸರಿಯಾದ ಟೆಸ್ಟ್. ಮೊದಲು ನನ್ನನ್ನೇ ಒಂದು ಸುತ್ತು ಓಡಿಸಿಕೊಂಡು ಬರಲು ಕಳಿಸಿದರು, ಎಂಜಿನ್ ಬಿಸಿಯಾಗಲಿ ಅಂತ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದರು, ಇಗ್ನಿಷನ್ ಕನೆಕ್ಷನ್ ಬಿಡಿಸಿದರು. ಮೂರೂ ಪ್ಲಗ್ ಒಟ್ಟಿಗೆ ಬಿಚ್ಚಿದರು. ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟರು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲು ನನ್ನನ್ನು ಕೂರಿಸಿದರು. ಗಾಳಿ ಒಳಗೆ ಹೋಗಲು ದಾರಿಯೇ ಇಲ್ಲದಿದ್ದರೆ ಒತ್ತಡ ಎಲ್ಲಿಂದ ಬರಬೇಕು? ಪ್ರತಿ ಸಿಲಿಂಡರಿಗೂ ಲೆಕ್ಕ ಹಾಕಿ ಅಷ್ಟೇ ಸುತ್ತು ಸೆಲ್ಫ್. ಬಂದದ್ದು 165, 160, 70.

ಅಲ್ಲಿಗೆ ಅರ್ಧ ಕಥೆ ಗೊತ್ತಾಯಿತು. ಇಂಥ ಪೆಟ್ರೋಲ್ ಎಂಜಿನ್ನಿಗೆ 150ರ ಮೇಲೆ ಇದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಒಂದೊಂದು ಎಂಜಿನ್ನಿಗೆ ಒಂದೊಂದು ಲೆಕ್ಕ, ಸರ್ವಿಸ್ ಪುಸ್ತಕ ನೋಡಬೇಕು. ಅದಕ್ಕಿಂತ ಮುಖ್ಯ ಸಿಲಿಂಡರುಗಳ ನಡುವಿನ ವ್ಯತ್ಯಾಸ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಲ್ಲಿ 160 ತೋರಿಸುವ ಎಂಜಿನ್ ಮಡಿಕೇರಿಯಲ್ಲಿ 140ರ ಆಸುಪಾಸು ತೋರಿಸಬಹುದು. ಅಲ್ಲಿ ಗಾಳಿಯೇ ತೆಳು.

ಆಮೇಲೆ ಮೂರನೇ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರು. ಆಯಿಲ್ ರಿಂಗಿನ ಸಂದು ಮುಚ್ಚುತ್ತದೆ. ರಿಂಗಿನದೇ ದೋಷ ಆಗಿದ್ದರೆ ಮುಳ್ಳು ಮೇಲೇರಬೇಕಿತ್ತು. 75ಕ್ಕೆ ನಿಂತಿತು. ಅಂದರೆ ಗಾಳಿ ಸೋರುತ್ತಿರುವುದು ಕೆಳಗಿನಿಂದಲ್ಲ, ಮೇಲಿನಿಂದ. ಗಾಳಿ, ಹೊಗೆ ಹೋಗಿಬರುವ ಬಾಗಿಲಿನಂಥ ವಾಲ್ವ್ ಇರಬೇಕು, ಇಲ್ಲವೇ ಸಿಲಿಂಡರಿನ ಮುಚ್ಚಳದಂಥ ಹೆಡ್‌ನ ಕೆಳಗಿನ ಗ್ಯಾಸ್ಕೆಟ್.

ಅದನ್ನೂ ಬಿಡಿಸಿ ತೋರಿಸಿದರು. ಹಳೆಯ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು ಅದಕ್ಕೆ ಗಾಳಿ ಪೈಪ್ ಬೆಸೆದು ಇಟ್ಟುಕೊಂಡಿದ್ದರು. ಪಿಸ್ಟನ್ ಮೇಲೆ ತಂದು ಎರಡೂ ವಾಲ್ವ್ ಮುಚ್ಚಿದ ಜಾಗದಲ್ಲಿ ನಿಲ್ಲಿಸಿದರು. ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಗಾಳಿ ಬಿಟ್ಟರು. ನನ್ನ ಕೆಲಸ ಕಿವಿ ಕೊಡುವುದು. ಆಯಿಲ್ ಹಾಕುವ ಬಾಯಲ್ಲಿ ಅಂಥ ಸದ್ದಿಲ್ಲ, ಹಾಗಾಗಿ ರಿಂಗ್ ಸರಿ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ, ಗ್ಯಾಸ್ಕೆಟ್ ಸರಿ. ಏರ್ ಫಿಲ್ಟರ್ ಕಡೆಯೂ ನಿಶ್ಶಬ್ದ, ಇನ್‌ಲೆಟ್ ವಾಲ್ವ್ ಸರಿ. ಸೈಲೆನ್ಸರಿಗೆ ಕಿವಿ ಇಟ್ಟರೆ ಕುಕ್ಕರ್ ಕೂಗುವ ಮುಂಚೆ ಬರುತ್ತದಲ್ಲ, ಅಂಥ ಸುಯ್ ಸದ್ದು. ಎಕ್ಸಾಸ್ಟ್ ವಾಲ್ವ್ ಸುಟ್ಟಿತ್ತು.

ಯಾಕೆ ಸುಟ್ಟಿತು ಅಂದರೆ ಆ ಗ್ಯಾಸ್ ಕಿಟ್. ಗ್ಯಾಸಿನಲ್ಲಿ ಓಡುವ ಎಂಜಿನ್ನಿನಲ್ಲಿ ವಾಲ್ವ್ ಸೀಟ್, ಅಂದರೆ ವಾಲ್ವ್ ಮುಚ್ಚಿದಾಗ ಕೂರುವ ಜಾಗ, ಬೇಗ ಸವೆಯಬಹುದು. ಸೀಟ್ ಸವೆದಷ್ಟೂ ವಾಲ್ವ್ ಒಳಕ್ಕೆ ಕೂರುತ್ತದೆ, ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಬಿಟ್ಟಿರುವ ಟ್ಯಾಪೆಟ್ ಸಂದು ಕಡಿಮೆಯಾಗುತ್ತದೆ. ಸಂದೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಇಳಿಸುವುದು ಸೀಟಿಗೆ ಒತ್ತಿಕೊಂಡಾಗ. ಅದು ತಪ್ಪಿದರೆ ಅಂಚು ಸುಡುತ್ತದೆ. ಟ್ಯಾಪೆಟ್ ಸೆಟ್ಟಿಂಗ್ ಅನ್ನುವ ಮಾತನ್ನು ನಾನಂತೂ ನಾಲ್ಕು ವರ್ಷದಲ್ಲಿ ಎತ್ತಿರಲಿಲ್ಲ.

ಹೆಡ್ ಇಳಿಸಿ, ಹೊಸ ವಾಲ್ವ್ ಹಾಕಿ, ಸೀಟ್ ಕಟ್ ಮಾಡಿಸಿ, ವಾಲ್ವ್ ಸರಿಯಾಗಿ ಕೂರುವಂತೆ ಉಜ್ಜಿ ಲ್ಯಾಪಿಂಗ್ ಮಾಡಿ, ಟ್ಯಾಪೆಟ್ ಸೆಟ್ ಮಾಡಿಕೊಟ್ಟರು. ಗ್ಯಾಸ್ಕೆಟ್ ಸೇರಿ 7,200 ರೂಪಾಯಿ. ನಡುಕ ಹೋಯಿತು.

ಸಿಟ್ಟು ಬರುವುದು ಇಲ್ಲಿ. ರಿಂಗ್ ಹಾಕುವಾಗ ಮೊದಲಿನ ಗ್ಯಾರೇಜಿನವರೂ ಇದೇ ಹೆಡ್ ಇಳಿಸಿದ್ದರು. ಕಾರ್ಬನ್ ಒರೆಸಿ ಹಾಗೇ ಕೂರಿಸಿದ್ದಾರೆ. ಹೆಡ್ ಬೆಂಚಿನ ಮೇಲೆ ಇದ್ದಾಗ ವಾಲ್ವ್ ಹಿಂದಿನ ಪೋರ್ಟ್ ಅನ್ನುವ ದಾರಿಗೆ ಒಂದಿಷ್ಟು ಪೆಟ್ರೋಲ್ ಸುರಿದು, ವಾಲ್ವ್ ಸುತ್ತ ಜಿನುಗುತ್ತದಾ ನೋಡಲು ಎರಡು ನಿಮಿಷ ಸಾಕು.

ನೀವು ಮಾಡಬೇಕಾದದ್ದು ಇಷ್ಟೇ. ಟೆಸ್ಟ್ ಮಾಡುವಾಗ ಪಕ್ಕದಲ್ಲಿ ನಿಲ್ಲಿ, ಗೇಜಿನ ಫೋಟೋ ತೆಗೆದುಕೊಳ್ಳಿ. ಮೂರೋ ನಾಲ್ಕೋ ಸಿಲಿಂಡರ್ ಒಂದೇ ಸಮ ಕಡಿಮೆ ಬಂದರೆ ಬ್ಯಾಟರಿ, ಆಕ್ಸಿಲರೇಟರ್ ನೋಡಿ ಮತ್ತೆ ಅಳೆಯಲು ಹೇಳಿ. ವಾಲ್ವ್ ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟ್ ಹಲ್ಲು ಜಾರಿದ್ದರೂ ಹಾಗೆ ಬರುತ್ತದೆ. ಅಕ್ಕಪಕ್ಕದ ಎರಡು ಮಾತ್ರ ಕಡಿಮೆ ಇದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಆಯಿಲ್ ಹಾಕಿ ನೋಡಿದ್ರಾ, ಗಾಳಿ ಬಿಟ್ಟು ನೋಡಿದ್ರಾ ಅಂತ ಕೇಳದೆ ಎಂಜಿನ್ ಬಿಚ್ಚಲು ಒಪ್ಪಬೇಡಿ. ಬಿಚ್ಚಿದ ಮೇಲೆ ಹಳೆಯ ಸಾಮಾನು ಕೇಳಿ ತೆಗೆದುಕೊಳ್ಳಿ.

ಅಂಚು ಸುಟ್ಟ ವಾಲ್ವ್ ಹಿಡಿದು ಹಳೆಯ ಗ್ಯಾರೇಜಿಗೆ ಹೋಗಿದ್ದೆ. ತಿರುಗಿಸಿ ಮುರುಗಿಸಿ ನೋಡಿದರು. ‘ಹೆಡ್ ಕೆಲಸ ಮಾಡಿ ಅಂತ ನೀವು ಹೇಳಲೇ ಇಲ್ವಲ್ಲ ಸಾರ್’ ಅಂದರು.