ತಂತ್ರಜ್ಞಾನ ಷೇರುಗಳ ಶಿಫಾರಸಿಗೆ ವರ್ಷದ ಚಂದಾ: ಕೊಟ್ಟ ಹಣಕ್ಕೆ ಸಿಕ್ಕಿದ್ದೇನು?

2023ರ ಏಪ್ರಿಲ್‌ನಿಂದ ಒಂದು ವರ್ಷ, ಮಾಹಿತಿ ತಂತ್ರಜ್ಞಾನ ಕಂಪನಿಗಳ ಷೇರುಗಳನ್ನಷ್ಟೇ ಶಿಫಾರಸು ಮಾಡುವ ಸೇವೆಯೊಂದಕ್ಕೆ ನಾನು ಚಂದಾದಾರನಾಗಿದ್ದೆ. ಜಿಎಸ್‌ಟಿ ಸೇರಿ ₹5,900 ತೆತ್ತೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಸೇವೆಗಳು ಹಲವಾರಿವೆ, ಅವುಗಳಲ್ಲಿ ಒಂದಕ್ಕೆ ಹಣ ಕಟ್ಟಲು ಹೊರಟವರಿಗೆ ಈ ಅನುಭವ ಉಪಯೋಗಕ್ಕೆ ಬಂದೀತು.

ಮೆಚ್ಚಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಷೇರುಪೇಟೆಯ ನಿಯಂತ್ರಕ ಸೆಬಿ ಸಂಶೋಧನಾ ವಿಶ್ಲೇಷಕರಿಗೆ ಕೊಡುವ, ಐಎನ್‌ಎಚ್ ಎಂಬ ಅಕ್ಷರಗಳಿಂದ ಆರಂಭವಾಗುವ ನೋಂದಣಿ ಸಂಖ್ಯೆ ಅವರ ಪ್ರತಿ ವರದಿಯಲ್ಲೂ ಇತ್ತು. ಸೆಬಿಯ ಜಾಲತಾಣದಲ್ಲಿ ಅದನ್ನು ತಾಳೆ ನೋಡಿಯೇ ಹಣ ಕಟ್ಟಿದ್ದೆ. ಲಾಭದ ಖಾತರಿಯನ್ನು ಯಾರೂ ಕೊಡಲಿಲ್ಲ. ನಾಳೆಯೇ ಹಣ ದುಪ್ಪಟ್ಟಾಗುತ್ತದೆಂದು ಸಾರುವ ಟೆಲಿಗ್ರಾಂ ಗುಂಪುಗಳನ್ನು ಕಂಡವರಿಗೆ ಇದೇ ದೊಡ್ಡ ಸಮಾಧಾನ.

ಕೊರತೆಯಿದ್ದದ್ದು ವಿಶ್ಲೇಷಣೆಯಲ್ಲಿ. ನಾನು ಚಂದಾ ಕಟ್ಟಿದ ತಿಂಗಳಲ್ಲೇ, ಏಪ್ರಿಲ್ 13ರಂದು, ಇನ್ಫೊಸಿಸ್ 2023-24ರ ಆದಾಯ ಸ್ಥಿರ ವಿನಿಮಯ ದರದ ಲೆಕ್ಕದಲ್ಲಿ (ಅಂದರೆ ಕರೆನ್ಸಿಗಳ ಏರಿಳಿತವನ್ನು ಬದಿಗಿಟ್ಟು) ಶೇ 4ರಿಂದ 7ರಷ್ಟು ಬೆಳೆಯಲಿದೆ ಎಂಬ ಮುನ್ನೋಟವನ್ನು ಕೊಟ್ಟಿತು. ಪೇಟೆಯ ನಿರೀಕ್ಷೆಗೆ ಅದೇ ಸಾಲದಾಗಿ, ಮರುದಿನ ಅಂಬೇಡ್ಕರ್ ಜಯಂತಿಯ ರಜೆ ಮತ್ತು ವಾರಾಂತ್ಯ ಕಳೆದು 17ರ ಸೋಮವಾರ ವಹಿವಾಟು ಶುರುವಾದಾಗ ಷೇರು ಬಲವಾಗಿ ಕುಸಿಯಿತು. ಜುಲೈನಲ್ಲಿ ಮುನ್ನೋಟ ಶೇ 1ರಿಂದ 3.5ಕ್ಕೆ ಇಳಿಯಿತು, ಅಕ್ಟೋಬರ್‌ನಲ್ಲಿ ಶೇ 1ರಿಂದ 2.5ಕ್ಕೆ. ವರ್ಷ ಮುಗಿದಾಗ ನಿಜವಾಗಿ ದಕ್ಕಿದ ಬೆಳವಣಿಗೆ ಶೇ 1.4. ಅಮೆರಿಕದ ಬ್ಯಾಂಕುಗಳೂ ಇತರ ಗ್ರಾಹಕರೂ ಖರ್ಚು ಬಿಗಿ ಹಿಡಿದರೆ ಬೆಂಗಳೂರಿನ ಕಂಪನಿಯ ಆದಾಯ ಹೇಗೆ ಕುಗ್ಗುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಆದರೆ ನನಗೆ ಬಂದ ಸಂದೇಶಗಳಲ್ಲಿ ಇದ್ದದ್ದು ಕೊಳ್ಳುವ ಬೆಲೆ, ಷೇರು ಮುಟ್ಟೀತೆಂದು ಅವರು ಅಂದಾಜಿಸಿದ ಗುರಿ ಬೆಲೆ ಮತ್ತು ನಾಲ್ಕು ಸಾಲಿನ ಸಮರ್ಥನೆ ಮಾತ್ರ. ಮುನ್ನೋಟ ತಗ್ಗಿದಾಗಲೆಲ್ಲ ಗುರಿ ಬೆಲೆಯೂ ಸದ್ದಿಲ್ಲದೆ ತಗ್ಗುತ್ತಿತ್ತು; ಹಿಂದಿನ ಅಂದಾಜು ಎಲ್ಲಿ ತಪ್ಪಿತೆಂದು ಒಮ್ಮೆಯೂ ವಿವರಿಸಲಿಲ್ಲ.

ಆ ವಿವರಣೆಗೆ ಬೇಕಾದ ಸಾಮಗ್ರಿಯಂತೂ ಉಚಿತವಾಗಿಯೇ ಲಭ್ಯವಿತ್ತು. ಪ್ರತಿ ತ್ರೈಮಾಸಿಕದ ಫಲಿತಾಂಶದೊಂದಿಗೆ ಇನ್ಫೊಸಿಸ್ ತನ್ನ ಜಾಲತಾಣದಲ್ಲಿ ಒಂದು ಅಂಕಿಅಂಶ ಪತ್ರವನ್ನು ಪ್ರಕಟಿಸುತ್ತದೆ. ಯಾವ ಭೂಭಾಗದಿಂದ, ಯಾವ ಉದ್ಯಮದಿಂದ ಎಷ್ಟು ಆದಾಯ ಬಂತು, ಸಿಬ್ಬಂದಿಯಲ್ಲಿ ಶೇಕಡಾ ಎಷ್ಟು ಮಂದಿ ಕೆಲಸ ಬಿಟ್ಟರು, ಇರುವವರಲ್ಲಿ ಎಷ್ಟು ಮಂದಿಗೆ ಗ್ರಾಹಕರ ಕೆಲಸವಿದೆ, ದೊಡ್ಡ ಗುತ್ತಿಗೆಗಳ ಮೊತ್ತ ಎಷ್ಟು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಎರಡು ವರ್ಷಗಳ ಪತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಒಂದು ಭಾನುವಾರ ಓದಿದಾಗ ತಿಳಿದಷ್ಟು ವಿಷಯ ವರ್ಷವಿಡೀ ಬಂದ ಸಂದೇಶಗಳಿಂದ ತಿಳಿದಿರಲಿಲ್ಲ.

ಸಂಸ್ಥೆಯ ಜಾಹೀರಾತಿನ ಬಗ್ಗೆಯೂ ಒಂದು ತಕರಾರಿದೆ. 1993ರಲ್ಲಿ ₹95ಕ್ಕೆ ಇನ್ಫೊಸಿಸ್ ಷೇರು ಕೊಂಡವರ ಭಾಗ್ಯವನ್ನು ಅದು ವರ್ಣಿಸುತ್ತದೆ, ಆ ಷೇರು ವಿತರಣೆಗೆ ಅಂದು ಪೂರ್ತಿ ಅರ್ಜಿಗಳೇ ಬಂದಿರಲಿಲ್ಲ ಎಂಬುದನ್ನು ಹೇಳುವುದಿಲ್ಲ. ಅದೇ ದಶಕದಲ್ಲಿ ಅಷ್ಟೇ ನಂಬಿಕೆಯಿಂದ ಸತ್ಯಂ ಎಂಬ ಇನ್ನೊಂದು ಸಾಫ್ಟ್‌ವೇರ್ ಕಂಪನಿಯ ಷೇರು ಆರಿಸಿಕೊಂಡು, 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಲೆಕ್ಕಪತ್ರ ಸುಳ್ಳೆಂದು ಒಪ್ಪಿಕೊಳ್ಳುವವರೆಗೂ ಇಟ್ಟುಕೊಂಡಿದ್ದವರ ಪ್ರಸ್ತಾಪವೂ ಅಲ್ಲಿಲ್ಲ. ಸಾಧನೆಯ ನಕ್ಷೆಯಲ್ಲಿ ದಲ್ಲಾಳಿ ಶುಲ್ಕವನ್ನೂ ತೆರಿಗೆಯನ್ನೂ ಕಳೆದಿಲ್ಲ. ಅವರ ಮಾತಿನಂತೆ ಏಳನೇ ತಿಂಗಳಿಗೆ ಮಾರಿದ ಷೇರಿನ ಲಾಭಕ್ಕೆ ನಾನು ಅಲ್ಪಾವಧಿ ತೆರಿಗೆಯಾಗಿ ಶೇ 15 ಕಟ್ಟಿದೆ. 2024ರ ಜುಲೈ 23ರಿಂದ ಆ ದರ ಶೇ 20 ಆಗಿದೆ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಅವರು ಕೇಳದೆ ಬಿಟ್ಟ ಪ್ರಶ್ನೆ. ನನ್ನ ಸಂಬಳ ಬರುವುದೇ ಒಂದು ಸಾಫ್ಟ್‌ವೇರ್ ಕಂಪನಿಯಿಂದ, ಮನೆ ಸಾಲದ ಕಂತು ಹೋಗುವುದು ಆ ಸಂಬಳದಿಂದ. ಈಗ ಉಳಿತಾಯವನ್ನೂ ತಂದು ಅದೇ ಉದ್ಯಮಕ್ಕೆ ಸುರಿಯುತ್ತಿದ್ದೆ. ಬೆಂಗಳೂರಿನಲ್ಲಿ ಇಂಥ ಚಂದಾದಾರರು ನಾನೊಬ್ಬನೇ ಇರಲಾರೆ. ಹೂಡಿಕೆ ಸಲಹೆಗಾರನೆಂದು ನೋಂದಾಯಿಸಿಕೊಂಡವರು ಗ್ರಾಹಕನ ಸ್ಥಿತಿಗತಿಯನ್ನು ಅರಿತು ಸಲಹೆ ಕೊಡಬೇಕೆಂಬ ನಿಯಮವಿದೆ. ಎಲ್ಲರಿಗೂ ಒಂದೇ ಶಿಫಾರಸು ಕಳುಹಿಸುವ ಸಂಶೋಧನಾ ವಿಶ್ಲೇಷಕರಿಗೆ ಆ ಹೊಣೆಯಿಲ್ಲ. ಹಾಗಾಗಿ ಸಂಸ್ಥೆ ನಿಯಮ ಮೀರಿದೆ ಎನ್ನಲಾರೆ. ಹಣ ಕಟ್ಟುವ ಮುನ್ನ ಈ ವ್ಯತ್ಯಾಸ ನನಗೇ ತಿಳಿದಿರಬೇಕಿತ್ತು.

ಕಂಪನಿಗಳ ಪತ್ರಗಳನ್ನು ಓದಲು ವ್ಯವಧಾನವಿಲ್ಲದವರಿಗೆ ನಿಫ್ಟಿ ಐಟಿ ಸೂಚ್ಯಂಕದ ಇಟಿಎಫ್, ಅಂದರೆ ಆ ಸೂಚ್ಯಂಕದ ಷೇರುಗಳನ್ನೇ ಹೊಂದಿದ್ದು ಪೇಟೆಯಲ್ಲಿ ಷೇರಿನಂತೆಯೇ ಕೊಳ್ಳಬಹುದಾದ ನಿಧಿ, ಇದೆ. ಹತ್ತು ಕಂಪನಿಗಳು ಒಂದೇ ಬುಟ್ಟಿಯಲ್ಲಿ ಕಡಿಮೆ ವೆಚ್ಚಕ್ಕೆ ಸಿಗುತ್ತವೆ, ಆದರೆ ಒಂದೇ ಉದ್ಯಮವನ್ನು ನೆಚ್ಚಿಕೊಳ್ಳುವ ಅಪಾಯ ಅಲ್ಲೂ ತಪ್ಪದು.

ಚಂದಾ ನವೀಕರಿಸಿದರೆ ಶುಲ್ಕದಲ್ಲಿ ರಿಯಾಯಿತಿ ಕೊಡುವುದಾಗಿ ಮೂರು ಬಾರಿ ಕರೆ ಬಂತು. ತಪ್ಪಿದ ಶಿಫಾರಸುಗಳ ಪಟ್ಟಿಯನ್ನು ಕಾರಣಸಮೇತ ಕಳುಹಿಸಿದರೆ ಪೂರ್ತಿ ಶುಲ್ಕವನ್ನೇ ಕಟ್ಟುತ್ತೇನೆಂದು ಮೂರು ಬಾರಿಯೂ ಹೇಳಿದೆ. ಪಟ್ಟಿ ಈವರೆಗೆ ಬಂದಿಲ್ಲ.