ಎಲೆಕ್ಟ್ರಿಕಲ್ ಅಂಗಡಿಗೆ ಸಾಲ: ರೆಡಿಮೇಡ್ ಪ್ರಾಜೆಕ್ಟ್ ರಿಪೋರ್ಟ್ ಕೊಟ್ಟು ಸಿಕ್ಕಿಬೀಳಬೇಡಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ–ಬದಿಯಡ್ಕ ಕಡೆಯ ಸಣ್ಣ ಪೇಟೆಯೊಂದರಲ್ಲಿ ಎಲೆಕ್ಟ್ರಿಕಲ್ ಅಂಗಡಿ ಹಾಕಿದವರೊಬ್ಬರು ಒಂದೂವರೆ ವರ್ಷದೊಳಗೆ ಬ್ಯಾಂಕಿನ ಸುಸ್ತಿದಾರರಾದರು. ವ್ಯಾಪಾರಕ್ಕೇನೂ ಕೊರತೆ ಇರಲಿಲ್ಲ, ತಿಂಗಳಿಗೆ 2 ಲಕ್ಷದ ಆಸುಪಾಸು ಮಾರಾಟವಿತ್ತು. ಅವರನ್ನು ಮುಳುಗಿಸಿದ್ದು ಸಾಲಕ್ಕೆ ಕೊಟ್ಟ ಪ್ರಾಜೆಕ್ಟ್ ರಿಪೋರ್ಟು. ಮಧ್ಯವರ್ತಿಯೊಬ್ಬ 15,000 ರೂಪಾಯಿ ತೆಗೆದುಕೊಂಡು, ಯಾರದೋ ಹಿಟ್ಟಿನ ಗಿರಣಿಗೆ ಮಾಡಿದ್ದ ರಿಪೋರ್ಟಿನಲ್ಲಿ ಹೆಸರು, ವಿಳಾಸ ಬದಲಿಸಿ ಪ್ರಿಂಟ್ ತೆಗೆದಿದ್ದ. ‘ಕಚ್ಚಾವಸ್ತು’ ಎಂಬ ಕಾಲಂ ಕೂಡ ಹಾಗೇ ಉಳಿದಿತ್ತು.

ಗಿರಣಿಯಲ್ಲಿ ದುಡ್ಡು ಯಂತ್ರಕ್ಕೆ ಹೋಗುತ್ತದೆ, ಆದ್ದರಿಂದ ಸಾಲವಿಡೀ ಟರ್ಮ್ ಲೋನ್, ಅಂದರೆ ಒಮ್ಮೆಗೇ ತೆಗೆದು ತಿಂಗಳ ಕಂತಿನಲ್ಲಿ ತೀರಿಸುವ ಸಾಲ. ಅಂಗಡಿಯಲ್ಲಿ ದುಡ್ಡಿನ ದೊಡ್ಡ ಪಾಲು ಕೂತಿರುವುದು ಸಾಮಾನಿನಲ್ಲಿ. ಅದು ಮಾರಿ, ತಂದು, ಮತ್ತೆ ಮಾರುವ ದುಡ್ಡು. ಅದನ್ನು ಟರ್ಮ್ ಲೋನಾಗಿ ತೆಗೆದುಕೊಂಡರೆ ತಿಂಗಳು ತಿಂಗಳು ಕಂತು ಕಟ್ಟಲು ರ್‍ಯಾಕಿನ ಸಾಮಾನನ್ನೇ ಕರಗಿಸಬೇಕಾಗುತ್ತದೆ. ರ್‍ಯಾಕು ಖಾಲಿಯಾದ ಹಾಗೆ ಗಿರಾಕಿಯೂ ಕಡಿಮೆಯಾಗುತ್ತಾನೆ.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 24 ಲಕ್ಷ ಮಾರಾಟ, ಅದರಲ್ಲಿ ಶೇ. 15 ಲಾಭ ಎಂದಿಟ್ಟುಕೊಳ್ಳಿ: 3,60,000. ಬಾಡಿಗೆ ತಿಂಗಳಿಗೆ 6,000, ಒಬ್ಬ ಹುಡುಗನ ಸಂಬಳ 12,000, ಕರೆಂಟು, ಫೋನು ಇತ್ಯಾದಿ 2,000, ಒಟ್ಟು ವರ್ಷಕ್ಕೆ 2,40,000. ಕೈಯಲ್ಲಿ ಉಳಿಯುವುದು 1,20,000. ಗಿರಣಿಯ ಅಚ್ಚಿನಲ್ಲಿ 6,45,000 ರೂಪಾಯಿಯನ್ನು ಶೇ. 11 ಬಡ್ಡಿಗೆ 5 ವರ್ಷದ ಟರ್ಮ್ ಲೋನ್ ಮಾಡಿದರೆ ಕಂತು ತಿಂಗಳಿಗೆ ಸುಮಾರು 14,000, ವರ್ಷಕ್ಕೆ 1,68,000. ಮನೆಖರ್ಚಿಗೆ ಒಂದು ರೂಪಾಯಿ ತೆಗೆಯದಿದ್ದರೂ 48,000 ಕಡಿಮೆ ಬೀಳುತ್ತದೆ.

ಅದೇ ಅಂಗಡಿ, ಅದೇ ಸಾಲ, ಸರಿಯಾಗಿ ವಿಂಗಡಿಸಿದರೆ ಹೀಗೆ. ರ್‍ಯಾಕು, ಕೌಂಟರು, ಡಿಸ್‌ಪ್ಲೇ ಬೋರ್ಡಿಗೆ 1,20,000, ಕಂಪ್ಯೂಟರು ಮತ್ತು ಬಿಲ್ಲಿಂಗ್ ಪ್ರಿಂಟರಿಗೆ 60,000, ಕ್ಲ್ಯಾಂಪ್ ಮೀಟರು, ಮೆಗ್ಗರು, ಡ್ರಿಲ್ಲು ಮುಂತಾದ ಹತ್ಯಾರಿಗೆ 40,000, ಒಟ್ಟು 2,20,000. ಇದರಲ್ಲಿ ಕಾಲುಭಾಗ ಅಂದರೆ 55,000 ನಿಮ್ಮದು, ಉಳಿದ 1,65,000 ಮಾತ್ರ ಟರ್ಮ್ ಲೋನ್. ದುಡಿಯುವ ಬಂಡವಾಳಕ್ಕೆ, ಅಂದರೆ ಸಾಮಾನಿನಲ್ಲಿ ತಿರುಗುವ ದುಡ್ಡಿಗೆ, ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರವಿದೆ: ವರ್ಷದ ಅಂದಾಜು ಮಾರಾಟದ ಶೇ. 25 ಬೇಕು, ಅದರಲ್ಲಿ ಮಾರಾಟದ ಶೇ. 20ರಷ್ಟು ಬ್ಯಾಂಕಿನದು, ಶೇ. 5ರಷ್ಟು ನಿಮ್ಮದು. 24 ಲಕ್ಷಕ್ಕೆ 6 ಲಕ್ಷ. ಬ್ಯಾಂಕಿನಿಂದ 4,80,000 ಕ್ಯಾಶ್ ಕ್ರೆಡಿಟ್ (ಸಿಸಿ: ಬೇಕಾದಾಗ ತೆಗೆದು, ಮಾರಾಟವಾದಾಗ ಕಟ್ಟಿ, ಬಳಸಿದಷ್ಟಕ್ಕೆ ಬಡ್ಡಿ ಕೊಡುವ ಸಾಲ), ನಿಮ್ಮಿಂದ 1,20,000. ಅಂಗಡಿಯ ಅಡ್ವಾನ್ಸ್ 80,000 ಪೂರ್ತಿ ಕೈಯಿಂದ. ಆಗ ಯೋಜನಾ ವೆಚ್ಚ 9 ಲಕ್ಷ, ಸಾಲ 6,45,000, ಸ್ವಂತ ಹಣ 2,55,000. ಟರ್ಮ್ ಲೋನಿನ ಕಂತು ವರ್ಷಕ್ಕೆ ಸುಮಾರು 43,000, ಸಿಸಿ ಪೂರ್ತಿ ಬಳಸಿದರೂ ಬಡ್ಡಿ 52,800. ಎರಡೂ ಸೇರಿ 96,000 ದಾಟುವುದಿಲ್ಲ.

ಆದರೂ ಮನೆಗೆ ಉಳಿಯುವುದು ವರ್ಷಕ್ಕೆ 24,000 ಚಿಲ್ಲರೆ. ರಿಪೋರ್ಟ್ ಬರೆಯುವಾಗಲೇ ಇದು ಕಣ್ಣಿಗೆ ಬೀಳಬೇಕು. ಮೊದಲ ವರ್ಷ ಹುಡುಗನನ್ನು ಇಡದೆ ನೀವೇ ಕೂತರೆ 1,44,000 ಉಳಿಯಿತು. ಮಿಕ್ಸಿ, ಫ್ಯಾನು, ಪಂಪು ರಿಪೇರಿ ಗೊತ್ತಿದ್ದರೆ ಆ ಆದಾಯ ಸೇರಿಸಿ. ಆದರೆ ಮನೆ ವಯರಿಂಗಿನ ಆದಾಯ ತೋರಿಸುವುದಾದರೆ ವಯರ್‌ಮ್ಯಾನ್ ಪರ್ಮಿಟ್ಟೋ ಕಾಂಟ್ರಾಕ್ಟರ್ ಲೈಸೆನ್ಸೋ ಜೊತೆಗಿರಲಿ. ಇಲ್ಲದಿದ್ದರೆ ರಿಪೋರ್ಟಿನಿಂದ ಆ ಆದಾಯವನ್ನೇ ಹೊಡೆದುಹಾಕಿ.

ಇನ್ನು ಶೇ. 15ರ ವಿಷಯ. 100 ರೂಪಾಯಿಗೆ ತಂದದ್ದನ್ನು 115ಕ್ಕೆ ಮಾರಿದರೆ ಮಾರಾಟದ ಮೇಲೆ ಲಾಭ ಶೇ. 15 ಅಲ್ಲ, 13. ವರ್ಷದ 24 ಲಕ್ಷಕ್ಕೆ ಇಷ್ಟರಲ್ಲೇ ಸುಮಾರು 47,000 ವ್ಯತ್ಯಾಸ, ಅಂದರೆ ಮನೆಗೆ ಉಳಿದದ್ದರ ದುಪ್ಪಟ್ಟು. ಜಿಎಸ್‌ಟಿ ಸೇರಿಸಿ ಮಾರಾಟ ತೋರಿಸುವುದು ಇದಕ್ಕಿಂತ ದೊಡ್ಡ ತಪ್ಪು. ವಯರು, ಸ್ವಿಚ್ಚು, ಫ್ಯಾನು, ಎಲ್‌ಇಡಿ ಬಲ್ಬು ಎಲ್ಲಕ್ಕೂ ಶೇ. 18. ಬಿಲ್ಲಿನ 24 ಲಕ್ಷದಲ್ಲಿ ನಿಮ್ಮ ಮಾರಾಟ 20.34 ಲಕ್ಷ, ಉಳಿದದ್ದು ಸರಕಾರದ್ದು. ಮಂಗಳೂರಿನ ಡಿಸ್ಟ್ರಿಬ್ಯೂಟರಿಂದ ತರಿಸಿದರೆ ಬಿಲ್ಲಿನಲ್ಲಿ ಐಜಿಎಸ್‌ಟಿ (ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಸಾಮಾನಿನ ಜಿಎಸ್‌ಟಿ) ಇರುತ್ತದೆ. ರೆಗ್ಯುಲರ್ ನೋಂದಣಿಯಿದ್ದರೆ ಅದನ್ನು ಇಲ್ಲಿನ ತೆರಿಗೆಗೆ ವಜಾ ಮಾಡಿಕೊಳ್ಳಬಹುದು. ಒಟ್ಟು ಮಾರಾಟದ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಕಾಂಪೊಸಿಶನ್‌ನಲ್ಲಿದ್ದರೆ ಆಗದು, ಆ ತೆರಿಗೆ ನಿಮ್ಮ ಅಸಲಿಗೇ ಸೇರುತ್ತದೆ. ಯಾವ ನೋಂದಣಿ ಎಂದು ಮೊದಲೇ ತೀರ್ಮಾನಿಸಿ, ಆಮೇಲೆ ಸ್ಟಾಕಿನ ಬೆಲೆ ಹಾಕಿ.

ಸ್ಟಾಕಿನ ಪಟ್ಟಿಯನ್ನು ‘ಎಲೆಕ್ಟ್ರಿಕಲ್ ಸಾಮಾನು 5 ಲಕ್ಷ’ ಎಂದು ಒಂದೇ ಸಾಲಿನಲ್ಲಿ ಬರೆದ ರಿಪೋರ್ಟನ್ನು ಯಾವ ಮ್ಯಾನೇಜರೂ ನಂಬಬೇಕಾಗಿಲ್ಲ. ವಯರನ್ನೇ ತೆಗೆದುಕೊಳ್ಳಿ. 1, 1.5, 2.5 ಚದರ ಮಿ.ಮೀ., ಮೂರು ಅಳತೆ. ಕೆಂಪು, ಕಪ್ಪು, ಹಸಿರು, ಮೂರು ಬಣ್ಣ. ತಲಾ ಮೂರು ಕಾಯಿಲ್ ಇಟ್ಟರೂ 90 ಮೀಟರಿನ 27 ಕಾಯಿಲ್, ಅದೂ ಒಂದೇ ಕಂಪನಿಯದು. ಮಾಡ್ಯುಲರ್ ಸ್ವಿಚ್ಚಿನಲ್ಲಿ ಒಂದು ಕಂಪನಿಯ ಸ್ವಿಚ್ಚು ಇನ್ನೊಂದರ ಪ್ಲೇಟಿಗೆ ಕೂರುವುದಿಲ್ಲ. ಎರಡು ಕಂಪನಿ ಇಡುತ್ತೇನೆಂದರೆ 2, 3, 4, 6, 8, 12 ಮಾಡ್ಯೂಲಿನ ಪ್ಲೇಟು, ಸ್ವಿಚ್ಚು, ಸಾಕೆಟ್ಟು ಎಲ್ಲವೂ ಎರಡೆರಡು. ಮೊದಲ ವರ್ಷ ಒಂದೇ ಸಾಕು. ವಯರಿಂಗ್ ಮಾಡುವವರು ಸಾಮಾನನ್ನು ಕಡಕ್ಕೆ ಒಯ್ಯುತ್ತಾರೆ, ಮನೆಯವರು ಕೊಟ್ಟ ಮೇಲೆ ತಂದುಕೊಡುತ್ತಾರೆ. ಆದ್ದರಿಂದ 6 ಲಕ್ಷದಲ್ಲಿ 5 ಲಕ್ಷ ಸ್ಟಾಕು, 1 ಲಕ್ಷ ಕಡ ಎಂದು ಬಿಡಿಸಿ ಬರೆಯಿರಿ. ಸಿಸಿಯಲ್ಲಿ ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಸ್ಟಾಕಿಗೆ ವಸೂಲಾಗಬೇಕಾದ ಕಡ ಸೇರಿಸಿ, ನೀವು ಡಿಸ್ಟ್ರಿಬ್ಯೂಟರಿಗೆ ಕೊಡಬೇಕಾದದ್ದು ಕಳೆದು, ನಿಮ್ಮ ಪಾಲಿನ ಮಾರ್ಜಿನ್ ತೆಗೆದು ಉಳಿದಷ್ಟೇ ಡ್ರಾಯಿಂಗ್ ಪವರ್, ಅಂದರೆ ಸಿಸಿಯಿಂದ ತೆಗೆಯಬಹುದಾದ ಮೊತ್ತ. ಮೂರು ತಿಂಗಳು ದಾಟಿದ ಕಡವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

12 ತಿಂಗಳೂ ಸಮನಾದ ಮಾರಾಟ ತೋರಿಸುವುದು ನಮ್ಮ ಊರಿಗೆ ಹೊಂದದ ಮಾತು. ಫ್ಯಾನಿನ ವ್ಯಾಪಾರ ಮಾರ್ಚಿಯಿಂದ ಮೇವರೆಗೆ. ತೋಟಕ್ಕೆ ನೀರು ಬಿಡುವ ಬೇಸಿಗೆಯಲ್ಲಿ ಪಂಪು, ಸ್ಟಾರ್ಟರು, ಕೇಬಲ್ಲು ಹೋಗುತ್ತವೆ. ಜೂನ್‌ನಲ್ಲಿ ಮಳೆ ಹಿಡಿದರೆ ಮನೆ ಕಟ್ಟುವ ಕೆಲಸ ನಿಧಾನ, ವಯರೂ ಪೈಪೂ ಕೂತಲ್ಲೇ. ಮೇಯಲ್ಲಿ ಅಂಗಡಿ ತೆರೆದು ಜೂನ್‌ನಿಂದಲೇ ಕಂತು ಶುರುವಾದರೆ ಮೊದಲ ಮೂರು ಕಂತೇ ತಪ್ಪುತ್ತವೆ. ತಿಂಗಳವಾರು ಮಾರಾಟದ ಒಂದು ಪುಟ ಹಾಕಿ, ಅದರ ಆಧಾರದಲ್ಲಿ ಕಂತಿಗೆ 6 ತಿಂಗಳ ವಿರಾಮ ಕೇಳಿ.

ಕೊಟೇಶನ್ನಿನ ವಿಷಯದಲ್ಲಿ ಯಾರ ಮಾತಿಗೂ ಮರುಳಾಗಬೇಡಿ. ‘1 ಲಕ್ಷದ ರ್‍ಯಾಕಿಗೆ 2 ಲಕ್ಷದ ಕೊಟೇಶನ್ ಕೊಡಿಸುತ್ತೇನೆ, ಉಳಿದದ್ದು ಕೈಗೆ ಬರುತ್ತದೆ’ ಎನ್ನುವವರಿದ್ದಾರೆ. ಬ್ಯಾಂಕು ಹಣವನ್ನು ನೇರ ಸಪ್ಲೈಯರಿಗೆ ಹಾಕುತ್ತದೆ, ಆಮೇಲೆ ಅಂಗಡಿಗೆ ಬಂದು ನೋಡುತ್ತದೆ. ಸುಳ್ಳು ಕೊಟೇಶನ್ ವಂಚನೆಯೇ, ರುಜು ಹಾಕಿದವರು ನೀವು. ತಾಮ್ರದ ಬೆಲೆ ಏರಿಳಿಯುವುದರಿಂದ ವಯರಿನ ಕೊಟೇಶನ್ನು ಅರ್ಜಿ ಕೊಡುವ ವಾರದ್ದೇ ಆಗಿರಲಿ.

ಸಬ್ಸಿಡಿಯ ಆಸೆಯೂ ಹಾಗೇ. ಸ್ವಉದ್ಯೋಗಕ್ಕೆ ಕೇಂದ್ರ ಸರಕಾರ ಸಬ್ಸಿಡಿ ಕೊಡುವ ಪಿಎಂಇಜಿಪಿ ಯೋಜನೆಯಲ್ಲಿ ಶೇ. 35 ಎನ್ನುವುದು ಗ್ರಾಮೀಣ ಪ್ರದೇಶದ ವಿಶೇಷ ವರ್ಗದವರಿಗೆ (ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು ಮುಂತಾದವರು), ಸಾಮಾನ್ಯ ವರ್ಗಕ್ಕೆ ಹಳ್ಳಿಯಲ್ಲಿ ಶೇ. 25. ಬರೀ ಕೊಂಡು ಮಾರುವ ಅಂಗಡಿಯನ್ನು ಆ ಯೋಜನೆ ಸುಲಭಕ್ಕೆ ಒಪ್ಪುವುದಿಲ್ಲ, ರಿಪೇರಿಯಂತಹ ಸೇವೆ ನಿಜವಾಗಿ ಜೊತೆಗಿರಬೇಕು. ಸಬ್ಸಿಡಿ ಕೈಗೆ ಸಿಗುವ ನಗದೂ ಅಲ್ಲ. 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ಸಾಲಕ್ಕೆ ವಜಾ ಆಗುತ್ತದೆ. ಈ ಯೋಜನೆಗಾಗಲಿ ಸಣ್ಣ ವ್ಯಾಪಾರಿಗಳ ಮುದ್ರಾ ಸಾಲಕ್ಕಾಗಲಿ ಏಜೆಂಟರನ್ನು ನೇಮಿಸಿಲ್ಲ. ಸಣ್ಣ ಉದ್ದಿಮೆಗಳಿಗಿರುವ ಸರಕಾರದ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದರಲ್ಲಿ ಎನ್‌ಐಸಿ ಕೋಡನ್ನು (ನಿಮ್ಮ ಕೆಲಸ ಯಾವುದೆಂದು ತಿಳಿಸುವ ಸಂಖ್ಯೆ) ತಪ್ಪಾಗಿ ಹಾಕಬೇಡಿ: ಫ್ಯಾನು, ದೀಪದಂತಹ ಗೃಹೋಪಯೋಗಿ ಸಾಮಾನಿನ ಚಿಲ್ಲರೆ ಮಾರಾಟ 4759, ಗೃಹೋಪಕರಣ ರಿಪೇರಿ 9522, ವಯರಿಂಗ್ 4321. ರಿಪೋರ್ಟಿನಲ್ಲೂ ಪಂಚಾಯತ್ ಲೈಸೆನ್ಸಿನಲ್ಲೂ ಇದೇ ಕೆಲಸಗಳು ಬರಬೇಕು. ಸಂಶಯವಿದ್ದರೆ ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಗಡಿನಾಡಿನ ನಮಗೆ ಇನ್ನೊಂದು ತೊಡಕು ಹೆಸರಿನದು. ಕನ್ನಡದಲ್ಲಿ ಬರೆದ ಹೆಸರು ಮಲಯಾಳಂಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಕಾಗುಣಿತ ಬದಲಾಗುತ್ತದೆ. ಇನಿಶಿಯಲ್ ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ. ಆಧಾರ್, ಪಾನ್, ಬಾಡಿಗೆ ಕರಾರು, ಪಂಚಾಯತ್ ಲೈಸೆನ್ಸ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ, ಪಾನ್‌ನಲ್ಲಿರುವ ಹಾಗೆಯೇ ರಿಪೋರ್ಟಿನಲ್ಲಿ ಬರೆಯಿರಿ.

ಮಂಜೂರಾತಿ ಪತ್ರ ಬಂದಾಗ ಮೊತ್ತ ನೋಡಿ ಸಂತೋಷದಲ್ಲಿ ರುಜು ಹಾಕಬೇಡಿ. ಸಿಸಿ ಎಷ್ಟು, ಟರ್ಮ್ ಲೋನ್ ಎಷ್ಟು, ಕಂತು ಯಾವ ತಿಂಗಳಿಂದ ಎಂಬ ಮೂರನ್ನು ಓದಿ. ನೀವು ಕೇಳಿದ್ದಕ್ಕಿಂತ ಬೇರೆಯಿದ್ದರೆ ಅಲ್ಲಿಯೇ ತಿದ್ದುಪಡಿಗೆ ಬರೆದುಕೊಡಿ. ಈಗಾಗಲೇ ಪೂರ್ತಿ ಟರ್ಮ್ ಲೋನಿನಲ್ಲಿ ಸಿಕ್ಕಿಕೊಂಡವರು ಕಂತು ಬಾಕಿಯಾಗಿ 90 ದಿನ ದಾಟುವ ಮೊದಲು, ಸ್ಟಾಕ್ ಪಟ್ಟಿ ಮತ್ತು ತಿಂಗಳವಾರು ಮಾರಾಟದ ಲೆಕ್ಕ ಹಿಡಿದುಕೊಂಡು ಶಾಖೆಗೆ ಹೋಗಿ, ಕಂತಿನ ಅವಧಿ ಹೆಚ್ಚಿಸಲು ಬರೆದು ಕೇಳಿ, ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಆ ಪೇಟೆಯ ಅಂಗಡಿಯವರು ಬ್ಯಾಂಕಿಗೆ ಹೋದದ್ದು ಅದಾದ ಮೇಲೆ.