ಮಗಳ ಖೋ ಖೋ ಹಿಂದೆ ಮೂರು ಊರು: ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಎರಡು ತಾಸು ಬಿಡುವು ಸಿಕ್ಕರೆ ಏನು ನೋಡಬೇಕು?

ನಮ್ಮದು ಗಂಗಾವತಿ. ಮಗಳು ಶಾಲೆ ತಂಡದಲ್ಲಿ ಖೋ ಖೋ ಆಡುತ್ತಾಳೆ. ಎರಡು ವರ್ಷದಿಂದ ಅವಳು ಎಲ್ಲಿ ಆಡಿದರೆ ಅಲ್ಲಿ ನಾನು ಮತ್ತು ನಮ್ಮ ಮನೆಯವರು ಚೀಲ ಹಿಡಿದು ಹಾಜರು. ಶಾಲೆ ಆಟದ ಲೆಕ್ಕ ಗೊತ್ತಲ್ವಾ, ತಾಲ್ಲೂಕು ಗೆದ್ದರೆ ಜಿಲ್ಲೆ, ಜಿಲ್ಲೆ ಗೆದ್ದರೆ ವಿಭಾಗ, ಅಲ್ಲೂ ಗೆದ್ದರೆ ರಾಜ್ಯ. ಜಿಲ್ಲಾ ಮಟ್ಟದ ಪಂದ್ಯ ಕೊಪ್ಪಳದಲ್ಲಿ ನಡೆಯಿತು. ವಿಭಾಗ ಮಟ್ಟದ್ದು ಮೊದಲ ವರ್ಷ ರಾಯಚೂರಿನಲ್ಲಿ, ಮರುವರ್ಷ ಬಳ್ಳಾರಿಯಲ್ಲಿ. ಹಾಗಾಗಿ ಮೂರೂ ಊರನ್ನು ಒಂದೇ ಕಾರಣಕ್ಕೆ, ಹೆಚ್ಚುಕಮ್ಮಿ ಒಂದೇ ಥರ ನೋಡಿದ್ದೇವೆ.

ಆಟ ನೋಡಲು ಹೋದವರಿಗೆ ಒಂದು ಪೇಚು ಇರುತ್ತದೆ. ಬೆಳಗ್ಗೆ ಒಂದು ಪಂದ್ಯ, ಮಧ್ಯಾಹ್ನದ ಮೇಲೆ ಇನ್ನೊಂದು. ನಡುವೆ ಎರಡು ಮೂರು ತಾಸು ಖಾಲಿ. ಮಕ್ಕಳನ್ನು ಪಿ.ಟಿ. ಸರ್ ನೆರಳಲ್ಲಿ ಮಲಗಿಸುತ್ತಾರೆ, ಅಪ್ಪ ಅಮ್ಮಂದಿರನ್ನು ಹತ್ತಿರ ಬಿಡುವುದಿಲ್ಲ, ಬಿಟ್ಟರೆ ಮಕ್ಕಳು ಮಲಗುವುದಿಲ್ಲ. ಆಗ ಎಲ್ಲಿಗೆ ಹೋಗಬೇಕು ಅಂತ ಯಾರನ್ನಾದರೂ ಕೇಳಿ, ಒಂದೇ ಉತ್ತರ: ಹಂಪಿಗೆ ಹೋಗಿಬನ್ನಿ. ಹೋಗಬೇಡಿ. ನಾವು ಹೋಗಿ ಕೆಟ್ಟಿದ್ದೇವೆ.

ಬಳ್ಳಾರಿಯಲ್ಲಿ ನಮ್ಮ ಎರಡನೇ ಪಂದ್ಯ ಮೂರು ಗಂಟೆಗೆ ಅಂದಿದ್ದರು. ಇನ್ನೊಬ್ಬ ಹುಡುಗಿಯ ತಂದೆ ಕಾರು ತಂದಿದ್ದರು. ಬೇಗ ಹೋಗಿ ಬೇಗ ಬರೋಣ ಅಂತ ನಾಲ್ಕು ಜನ ಹೊರಟೆವು. ವಿರೂಪಾಕ್ಷನ ದರ್ಶನ ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗ ಫೋನ್ ಬಂತು. ಯಾವುದೋ ತಂಡ ಬಂದಿಲ್ಲ, ಪಂದ್ಯಗಳ ಸರದಿ ಬದಲಾಗಿದೆ, ನಿಮ್ಮವರದು ಈಗಲೇ ಶುರು ಅಂತ. ನಾವು ಎಷ್ಟೇ ಓಡಿದರೂ ದಾರಿ ಕಮ್ಮಿ ಆಗುತ್ತದಾ? ಮೈದಾನ ಮುಟ್ಟಿದಾಗ ಎಲ್ಲ ಮುಗಿದು ಮಕ್ಕಳು ನೀರು ಕುಡಿಯುತ್ತಿದ್ದರು. ಮಗಳು ಓಡಿ ಬಂದು ಕೇಳಿದಳು, "ಅಮ್ಮ, ನಾನು ಕೊನೆವರೆಗೂ ಔಟ್ ಆಗಲಿಲ್ಲ, ನೋಡಿದೆಯಾ?" ನಾನು ನೋಡಿರಲಿಲ್ಲ. ಖೋ ಖೋದಲ್ಲಿ ಮೂರು ಮೂರು ಜನರಾಗಿ ಓಡಲು ಇಳಿಯುತ್ತಾರೆ, ಜೊತೆಯವರಿಬ್ಬರು ಔಟಾದ ಮೇಲೂ ಒಬ್ಬಳೇ ಉಳಿದು ಸಮಯ ತಳ್ಳುವುದು ಸುಮ್ನೆ ಅಲ್ಲ. ಅದನ್ನು ನೋಡುವ ಅವಕಾಶ ಮತ್ತೆ ಬರುವುದಿಲ್ಲ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅವತ್ತಿನಿಂದ ನಮ್ಮದೊಂದು ನಿಯಮ. ಫೋನ್ ಬಂದರೆ ಆಟೋ ಹತ್ತಿ ಅರ್ಧ ತಾಸಿನೊಳಗೆ ಮೈದಾನ ಸೇರುವಂತಿರಬೇಕು, ಅಷ್ಟು ಹತ್ತಿರದ್ದನ್ನು ಮಾತ್ರ ನೋಡುವುದು. ಈ ಲೆಕ್ಕ ಇಟ್ಟುಕೊಂಡೇ ಮೂರೂ ಊರನ್ನು ಹೋಲಿಸುತ್ತಿದ್ದೇನೆ. ಮೂರೂ ಕೋಟೆ ಇರುವ ಊರುಗಳು. ಆದರೆ ಆ ಮೂರು ಕೋಟೆ ಒಂದೇ ಥರ ಇಲ್ಲ.

ಮೊದಲು ರಾಯಚೂರು. ನನ್ನ ಮಟ್ಟಿಗೆ ಆಟದ ದಿನಕ್ಕೆ ಇದೇ ಗೆಲ್ಲುತ್ತದೆ. ಇಲ್ಲಿ ಕೋಟೆ ಹುಡುಕಿಕೊಂಡು ಹೋಗಬೇಕಿಲ್ಲ. ಬಸ್ಸಿಳಿದು ನಿಲ್ದಾಣದಿಂದ ಹೊರಗೆ ಬಂದರೆ ಗೋಡೆ ಕಣ್ಣೆದುರಿಗೇ ಇರುತ್ತದೆ. ಗುಡ್ಡದ ಮೇಲೂ ಕೋಟೆ ಇದೆ, ಅದು ಬೇಕಾದವರು ಹತ್ತಬಹುದು. ಕೆಳಗಿನ ಗೋಡೆ ಮತ್ತು ಬಾಗಿಲುಗಳನ್ನು ಸಪಾಟು ನೆಲದಲ್ಲಿ ನಡೆದೇ ನೋಡಬಹುದು. ಕಾಟಿ ದರ್ವಾಜಾ, ಮೆಕ್ಕಾ ದರ್ವಾಜಾ, ನವರಂಗ ದರ್ವಾಜಾ, ಹೀಗೆ ಬಾಗಿಲಿಗೊಂದು ಹೆಸರು. ಮೊಣಕಾಲು ನೋವಿನ ನಮ್ಮ ಮನೆಯವರು ಒಂದು ಸಲವೂ ಕೂತುಕೊಳ್ಳದೆ ನೋಡಿದ ಕೋಟೆ ಇದೊಂದೇ.

ಆದರೆ ನನಗೆ ರಾಯಚೂರು ಅಂದರೆ ಆ ಒಂದು ಕಲ್ಲು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ಕೋಟೆ ಕಟ್ಟಿಸಿದ ಅಂತ ಬರೆಸಿರುವ ಶಾಸನದ ಕಲ್ಲು ಗೋಡೆಯಲ್ಲಿದೆ. ಒಂದೇ ಕಲ್ಲು, ಉದ್ದ 41 ಅಡಿಗೂ ಜಾಸ್ತಿ. ಪಂದ್ಯ ಮುಗಿದ ಸಂಜೆ ಮಕ್ಕಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ನಮ್ಮ ಹುಡುಗಿಯರು ಅದರ ಉದ್ದಕ್ಕೂ ಹೆಜ್ಜೆ ಅಳೆದರು. ಖೋ ಖೋ ಅಂಕಣದಲ್ಲಿ ಕಂಬದಿಂದ ಕಂಬಕ್ಕೆ 24 ಮೀಟರ್. ಈ ಕಲ್ಲು ಅದರ ಅರ್ಧಕ್ಕಿಂತ ಉದ್ದ! "ಇಷ್ಟು ದೂರದಲ್ಲಿ ನಾಲ್ಕು ಜನ ಕೂತಿರ್ತೇವೆ ಆಂಟಿ" ಅಂತ ಒಬ್ಬಳು ಹೇಳಿದಾಗ ನನಗೂ ಆ ಕಲ್ಲಿನ ಗಾತ್ರ ಸರಿಯಾಗಿ ತಲೆಗೆ ಹೋಯಿತು. ಅದನ್ನು ಹೇಗೆ ತಂದರು ಅನ್ನುವುದನ್ನೂ ಅಲ್ಲೇ ಗೋಡೆಯ ಮೇಲೆ ಗೆರೆಗಳಲ್ಲಿ ಕೊರೆದಿದ್ದಾರೆ. ಬಂಡಿಯ ಮೇಲೆ ಕಲ್ಲು, ಮುಂದೆ ಸಾಲಾಗಿ ಕಟ್ಟಿದ ಕೋಣಗಳು, ಗಾಲಿಗೆ ಸನ್ನೆಗೋಲು ಹಾಕಿ ಮೀಟುವ ಜನ. ಅವಸರದಲ್ಲಿ ಹೋದವರು ಈ ಚಿತ್ರ ಬಿಟ್ಟು ಬರುತ್ತಾರೆ. ದಯವಿಟ್ಟು ನಿಂತು ನೋಡಿ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಗೆರೆ ಚೆನ್ನಾಗಿ ಕಾಣುತ್ತವೆ.

ಇದರ ಜೊತೆಗೆ ಇನ್ನೊಂದು ಹೇಳಲೇಬೇಕು. ಕಾರ ಹುಣ್ಣಿಮೆ ಹೊತ್ತಿಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ಮುಂಗಾರು ಸಾಂಸ್ಕೃತಿಕ ಹಬ್ಬ ಮಾಡುತ್ತಾರೆ. ಅಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ಇರುತ್ತದೆ. ಟನ್ ಲೆಕ್ಕದ ಕಲ್ಲು, ಕೊಟ್ಟ ಸಮಯದಲ್ಲಿ ಯಾವ ಜೋಡಿ ಜಾಸ್ತಿ ದೂರ ಎಳೆಯುತ್ತದೋ ಅದು ಗೆದ್ದಂತೆ. ಆಂಧ್ರ, ತೆಲಂಗಾಣದಿಂದಲೂ ಎತ್ತು ಹಿಡಿದು ಬರುತ್ತಾರೆ. ಕಲ್ಲು ನೆಲದಲ್ಲಿ ಕದಲುವಾಗ ಜನರ ಕೂಗು ಎದೆಗೆ ಬಡಿಯುತ್ತದೆ. ಆ ಸ್ಪರ್ಧೆ ನೋಡಿದ ಮೇಲೆ ಕೋಟೆ ಗೋಡೆಯ ಬಂಡಿಯ ಚಿತ್ರ ಮತ್ತೊಮ್ಮೆ ನೋಡಬೇಕು ಅನ್ನಿಸಿತು, ಹೋಗಿ ನೋಡಿದೆವು ಕೂಡ. ಏಳು ನೂರು ವರ್ಷ ಆಯಿತು, ಈ ಊರಿನವರು ಇನ್ನೂ ಕಲ್ಲು ಎಳೆಸುತ್ತಿದ್ದಾರೆ.

ರಾಯಚೂರಿನಲ್ಲಿ ಕಷ್ಟ ಇಲ್ಲ ಅಂತಲ್ಲ. ಬಿಸಿಲು ಮೂರೂ ಊರಲ್ಲಿ ಇಲ್ಲಿಯದೇ ಹೆಚ್ಚು ಅನ್ನಿಸಿತು. ಮಧ್ಯಾಹ್ನ ಹನ್ನೆರಡರಿಂದ ಮೂರು ಕಲ್ಲು ಮುಟ್ಟುವ ಹಾಗಿಲ್ಲ. ಲಾಡ್ಜ್ ಒಂದರಲ್ಲಿ ಫೋನಿನಲ್ಲಿ ಒಂದು ಬಾಡಿಗೆ ಹೇಳಿ, ಹೋದ ಮೇಲೆ ಪಂದ್ಯದ ಜನ ಜಾಸ್ತಿ ಇದ್ದಾರೆ ಅಂತ ಇನ್ನೊಂದು ಹೇಳಿದರು. ರಾತ್ರಿ ಹತ್ತು ಗಂಟೆಗೆ ಜಗಳ ಆಡುವ ಶಕ್ತಿ ಯಾರಿಗಿರುತ್ತದೆ, ಕೊಟ್ಟೆವು. ಇನ್ನು ಗಂಗಾವತಿ ಕಡೆಯಿಂದ ರಾಯಚೂರಿಗೆ ಬಸ್ಸೇ ಗತಿ, ಸಿಂಧನೂರು ಮೇಲೆ ಹೋಗಬೇಕು, ಮೈ ಹಣ್ಣಾಗುತ್ತದೆ.

ಕೊಪ್ಪಳ ನಮ್ಮದೇ ಜಿಲ್ಲೆ, ಪಕ್ಷಪಾತ ಅಂದುಕೊಳ್ಳಬೇಡಿ, ನಾನು ಇದಕ್ಕೆ ಎರಡನೇ ಸ್ಥಾನ ಕೊಡುತ್ತಿದ್ದೇನೆ. 2019ರಲ್ಲಿ ಗಂಗಾವತಿಗೆ ರೈಲು ಬಂದ ಮೇಲೆ ಗಿಣಿಗೇರಾ ಮೇಲಿಂದ ಕೊಪ್ಪಳಕ್ಕೆ ಹೋಗುವುದು ಸಲೀಸು. ಕೋಟೆ ಮಾತ್ರ ಪಂದ್ಯದ ನಡುವೆ ಹೋಗುವಂಥದ್ದಲ್ಲ. 1786ರಲ್ಲಿ ಟಿಪ್ಪು ಇದನ್ನು ಹಿಡಿದು ಫ್ರೆಂಚ್ ಎಂಜಿನಿಯರುಗಳಿಂದ ಮತ್ತೆ ಕಟ್ಟಿಸಿದ. ಮುಂದೆ ಬ್ರಿಟಿಷರು ಮತ್ತು ನಿಜಾಮನ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂರಬೇಕಾಯಿತು. ಹತ್ತಿ ನೋಡಿದರೆ ಯಾಕೆ ಅಂತ ತಿಳಿಯುತ್ತದೆ, ಅಷ್ಟು ಕಡಿದು. 1858ರಲ್ಲಿ ಮುಂಡರಗಿ ಭೀಮರಾಯ ಇದೇ ಕೋಟೆಯಿಂದ ಬ್ರಿಟಿಷರ ಮೇಲೆ ಹೋರಾಡಿ ಸತ್ತ. ಆ ಮೆಟ್ಟಿಲು ಹತ್ತುವಾಗ ಅದು ನೆನಪಿರಲಿ.

ಎರಡು ತಾಸಿಗೆ ಗವಿಮಠ ಸರಿ. ಊರಲ್ಲೇ ಇದೆ, ಬಂಡೆಗಳ ನಡುವೆ ತಂಪು. ದಾಸೋಹದಲ್ಲಿ ಊಟ ಮಾಡಿ ಕೆರೆ ಕಡೆ ಮುಖ ಮಾಡಿ ಕೂತರೆ ಪಂದ್ಯದ ಗಡಿಬಿಡಿ ಇಳಿದುಹೋಗುತ್ತದೆ. ಸೋತ ದಿನ ಮಕ್ಕಳನ್ನು ಕರೆದುಕೊಂಡು ಹೋಗಲು ಮೂರೂ ಊರಲ್ಲಿ ಇದಕ್ಕಿಂತ ಒಳ್ಳೆ ಜಾಗ ನಾನು ನೋಡಿಲ್ಲ. ಜಿಲ್ಲಾ ಮಟ್ಟದಲ್ಲಿ ಮೊದಲ ಪಂದ್ಯ ಸೋತು ಅಳುತ್ತಿದ್ದ ಪಕ್ಕದ ಶಾಲೆಯ ಹುಡುಗಿಯರು ಅಲ್ಲಿ ಊಟಕ್ಕೆ ಕೂತಾಗ ನಗುತ್ತಿದ್ದರು. ಮಠದ ಗುಡ್ಡದಲ್ಲೇ ಅಶೋಕನ ಶಾಸನ ಇದೆ, ಊರ ಹೊರಗೆ ಪಾಲ್ಕಿಗುಂಡಿನಲ್ಲಿ ಇನ್ನೊಂದು. ಪಾಲ್ಕಿಗುಂಡು ಹೆಸರಿಗೆ ತಕ್ಕ ಹಾಗೆ, ಎರಡು ಬಂಡೆ ಮೇಲೆ ಒಂದು ಹಾಸು ಬಂಡೆ, ದೂರದಿಂದ ಪಲ್ಲಕ್ಕಿಯ ಚಾವಣಿ ಥರ ಕಾಣುತ್ತದೆ. ಬ್ರಾಹ್ಮಿ ಲಿಪಿ ನಮಗೆ ಓದಲು ಬರುವುದಿಲ್ಲ, ಆದರೂ ಎರಡು ಸಾವಿರ ವರ್ಷದ ಹಿಂದಿನ ಅಕ್ಷರದ ಕೆಳಗೆ ನಿಂತಾಗ ಮೈ ಜುಂ ಅನ್ನುತ್ತದೆ. ಇಂಥದ್ದು ಬೇರೆ ಊರಲ್ಲಿದ್ದರೆ ಸಾಲು ಹಚ್ಚಿ ನೋಡುತ್ತಿದ್ದರು.

ಗೊಂಬೆ ಮಾಡುವ ಊರು ಕಿನ್ನಾಳ ಸ್ವಲ್ಪ ದೂರ, ಆಟೋ ಮಾತಾಡಿಕೊಂಡು ಪಂದ್ಯ ಮುಗಿದ ಮೇಲೆ ಹೋಗಿ. ಹಗುರ ಮರದ ಗೊಂಬೆ, ಮೇಲೆ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಹದ, ಆಮೇಲೆ ಬಣ್ಣ. ನಾವು ಒಂದು ಗಿಳಿ ತಂದೆವು. ಮಗಳು ಗೆದ್ದ ಕಪ್ಪಿನ ಪಕ್ಕದಲ್ಲಿ ಇಟ್ಟಿದ್ದಾಳೆ.

ಇನ್ನು ಬಳ್ಳಾರಿ. ಊಟ ತಿಂಡಿಗೆ, ಅಂಗಡಿ ಸುತ್ತಲು ಇದರ ಮುಂದೆ ಉಳಿದೆರಡು ಊರು ನಿಲ್ಲುವುದಿಲ್ಲ. ಸಂಜೆ ಆದರೆ ಬಂಡಿಗಳ ಮುಂದೆ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ. ನಮ್ಮ ಕಡೆಯೂ ಮಿರ್ಚಿ ಇದೆ, ಆದರೆ ಬಳ್ಳಾರಿಯವರು ಮೆಣಸಿನಕಾಯಿ ಸೀಳಿ ಈರುಳ್ಳಿ ತುಂಬಿ ನಿಂಬೆಹಣ್ಣು ಹಿಂಡಿ ಕೊಟ್ಟರೆ ಇನ್ನೊಂದು ಪ್ಲೇಟ್ ಕೇಳಲೇಬೇಕು. ಜೀನ್ಸ್ ಹೊಲಿಯುವ ಊರು, ಹಾಗಾಗಿ ಮನೆಗೆ ಎರಡು ಮೂರು ಪ್ಯಾಂಟ್ ತರದೆ ಯಾರೂ ಬರುವುದಿಲ್ಲ.

ಕೋಟೆ ಇರುವುದು ಬಳ್ಳಾರಿ ಗುಡ್ಡದ ಮೇಲೆ. ಇಡೀ ಗುಡ್ಡ ಒಂದೇ ಬಂಡೆ ಥರ. ಮೇಲಿನ ಕೋಟೆ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿ ಕಾಲದ್ದು. ಹೈದರ್ 1769ರಲ್ಲಿ ಬಳ್ಳಾರಿ ಹಿಡಿದ. ಊರವರು ಹೇಳುವ ಕತೆ ಏನೆಂದರೆ, ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರ್ ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಅನ್ನುವುದನ್ನು ಗಮನಿಸಲೇ ಇಲ್ಲ, ಸಿಟ್ಟಾದ ಹೈದರ್ ಅವನನ್ನು ಗಲ್ಲಿಗೆ ಹಾಕಿಸಿದನಂತೆ. ಮೇಲೆ ಹೋದರೆ ಆ ಗುಡ್ಡ ಎದುರಿಗೇ ಕಾಣುತ್ತದೆ, ಮಲಗಿದ ಮನುಷ್ಯನ ಮುಖದ ಹಾಗೆ. ಮೂರು ಕೋಟೆಗಳಲ್ಲಿ ಮೇಲಿಂದ ಕಾಣುವ ನೋಟ ಇಲ್ಲಿಯದೇ ಚೆಂದ, ಇದರಲ್ಲಿ ಎರಡು ಮಾತಿಲ್ಲ. ಆದರೆ ಮರುದಿನ ಆಡಬೇಕಾದ ಮಕ್ಕಳನ್ನು ಹತ್ತಿಸಬೇಡಿ. ಪಿ.ಟಿ. ಸರ್ ಗಟ್ಟಿಯಾಗಿ ಬೇಡ ಅಂದರು, ಅವರು ಹೇಳಿದ್ದು ಸರಿ. ಮೀನಖಂಡ ಹಿಡಿದುಕೊಂಡರೆ ಖೋ ಸಿಕ್ಕರೂ ಎದ್ದು ಓಡಲು ಆಗುವುದಿಲ್ಲ. ನಾವು ಕೊನೆಯ ದಿನ ಬಹುಮಾನ ಆದ ಮೇಲೆ ಹತ್ತಿದೆವು.

ಪಂದ್ಯಗಳ ನಡುವಿನ ಬಿಡುವಿಗೆ ಬಳ್ಳಾರಿಯಲ್ಲಿ ನಾನು ಹೇಳುವುದು ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ. ಊರ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ಸಾವಿರಾರು ವರ್ಷದ ಹಿಂದೆ ಕಲ್ಲಿನ ಕೊಡಲಿ ಮಾಡುತ್ತಿದ್ದ ಜನರ ವಸ್ತುಗಳು ಇಲ್ಲಿವೆ. ನೆರಳೂ ಆಯಿತು, ನೋಡಿದ ಹಾಗೂ ಆಯಿತು. ಅಲ್ಲಿನ ಗುಡ್ಡದಲ್ಲಿ ಹೊಡೆದರೆ ಗಂಟೆಯ ಹಾಗೆ ನಾದ ಬರುವ ಕಲ್ಲುಗಳಿವೆ. ನಮಗೆ ಹೋಗಲು ಆಗಲಿಲ್ಲ.

ವಾಪಸ್ ಹೊಸಪೇಟೆ ಕಡೆಯಿಂದ ಬರುವಾಗ ತೋರಣಗಲ್ಲು ಸಿಕ್ಕಿತು. ನೀರಜ್ ಚೋಪ್ರಾ ತರಬೇತಿ ಪಡೆದ ಕ್ರೀಡಾ ಸಂಸ್ಥೆ ಇರುವುದು ಇಲ್ಲೇ ಅಂತ ಸರ್ ಹೇಳಿದ್ದೇ ತಡ, ಬಸ್ಸಿನಲ್ಲಿದ್ದ ಮಕ್ಕಳೆಲ್ಲ ಒಂದೇ ಕಿಟಕಿಗೆ ಬಿದ್ದರು. ಖೋ ಖೋ ಆಡಿದವರಿಗೆ ಇಂಥದ್ದು ಸಿಗುತ್ತದಾ ಅಂತ ಒಬ್ಬಳು ಕೇಳಿದಳು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು ಸೋಲಿಸಿ ಗೆದ್ದರಲ್ವಾ, ಆ ತಂಡದಲ್ಲಿ ಕರ್ನಾಟಕದ ಚೈತ್ರಾ ಇದ್ದಳು ಅಂತ ನನ್ನ ಮಗಳೇ ಉತ್ತರ ಕೊಟ್ಟಳು.

ಹಾಗಾಗಿ ನಿಮ್ಮ ಮಗುವಿನ ಪಂದ್ಯ ರಾಯಚೂರಿನಲ್ಲಿದ್ದರೆ ಬೆಳಗ್ಗೆ ಅಥವಾ ಸಂಜೆ ಆ ಶಾಸನದ ಕಲ್ಲು ನೋಡಿ, ಮಧ್ಯಾಹ್ನ ಮೈದಾನದ ನೆರಳು ಬಿಡಬೇಡಿ. ಕೊಪ್ಪಳದಲ್ಲಿ ಊಟಕ್ಕೆ ಗವಿಮಠ, ಕೋಟೆ ಕೊನೆಗೆ. ಬಳ್ಳಾರಿಗೆ ಹೋದರೆ ಒಂದು ದಿನ ಜಾಸ್ತಿ ಇರುವ ಹಾಗೆ ರಜೆ ಹಾಕಿ, ಒಂದೇ ದಿನದಲ್ಲಿ ಅದು ಮುಗಿಯುವುದಿಲ್ಲ. ಹಂಪಿಗೆ ಬೇರೆ ದಿನ ಹೋಗಿ, ಪಂದ್ಯ ಇಲ್ಲದ ದಿನ.

ಈ ವರ್ಷ ತಾಲ್ಲೂಕು ಗೆದ್ದಿದ್ದಾರೆ. ರಾಯಚೂರಿಗೆ ಹೋಗುವ ಅವಕಾಶ ಸಿಕ್ಕರೆ ಏಕ್ ಮಿನಾರ್ ಮಸೀದಿ ನೋಡಬೇಕು ಅಂತ ಮಗಳು ಈಗಲೇ ಹೇಳಿದ್ದಾಳೆ. 1513ರದ್ದು, ಒಂದೇ ಒಂದು ಮಿನಾರ್ ಇರುವ ಮಸೀದಿ, ಕಳೆದ ಸಲ ಕಲ್ಲಿನ ಮುಂದೆ ನಿಂತು ಹೊತ್ತು ಹೋಗಿ ಅದು ಉಳಿದುಬಿಟ್ಟಿತ್ತು. ಪಂದ್ಯ ಮುಗಿದ ಮೇಲೆ ಅಂತ ನಾನು ಒಪ್ಪಿದ್ದೇನೆ.